ಜಗಲಿಯಾಚೆಯ ಸುದ್ದಿ

2025ರ ನವೆಂಬರ್ 2ರ ಭಾನುವಾರ ಚಿಕ್ಕಮಗಳೂರಿನಲ್ಲಿ ಪತ್ರಿಕೋದ್ಯಮ ಓದುವ ಹುಡುಗ ಹುಡುಗಿಯರ ಮುಂದೆ ಮಾತನಾಡಿದ್ದೆ. ಹಿಂದಿನ ದಿನದ ರಾಜ್ಯೋತ್ಸವದ ತೋರಣ ಇನ್ನೂ ಬಿಚ್ಚಿರಲಿಲ್ಲ. ಮೈಕು ಆಗಾಗ ಕೈಕೊಡುತ್ತಿತ್ತು. ಅಂದು ಹೇಳಿದ್ದನ್ನು ಬರೆದುಕೊಡಿ ಎಂದು ಅವರ ಮೇಷ್ಟರು ಕೇಳಿದ್ದರಿಂದ ಈ ಬರಹ. ತಡವರಿಸಿದ ಕಡೆ ತಿದ್ದಿದ್ದೇನೆ, ದಾರಿ ತಪ್ಪಿದ ಕಡೆ ಹಾಗೆಯೇ ಬಿಟ್ಟಿದ್ದೇನೆ.

ಸಂಘರ್ಷದ ನೆಲದಲ್ಲಿ ಕೆಲಸ ಮಾಡುವ ಪತ್ರಕರ್ತೆಯರ ಕಷ್ಟಗಳ ಬಗ್ಗೆ ಹೇಳಿ ಎಂದು ನನ್ನನ್ನು ಕರೆದಿದ್ದಾರೆ. ಮೊದಲೇ ಹೇಳಿಬಿಡುತ್ತೇನೆ, ನಾನು ಯುದ್ಧ ಕಂಡವಳಲ್ಲ. ನನ್ನ ಪಾಸ್‌ಪೋರ್ಟಿನಲ್ಲಿರುವುದು ಒಂದೇ ದೇಶದ ಮುದ್ರೆ, ಅದೂ ಮಗಳ ಬಾಣಂತನಕ್ಕೆ ಹೋದದ್ದು. ಈ ಜಿಲ್ಲೆಯಲ್ಲಿ ಇಪ್ಪತ್ತೆರಡು ವರ್ಷ ವರದಿಗಾರ್ತಿಯಾಗಿದ್ದೆ. ಕಾಫಿ ದರ, ಕಾಡಾನೆ, ಜಿಲ್ಲಾ ಪಂಚಾಯಿತಿ ಸಭೆ, ಮಳೆ ಹಾನಿ, ಮತ್ತೆ ಕಾಫಿ ದರ. ಆದರೂ ಒಪ್ಪಿಕೊಂಡು ಬಂದೆ. ನನಗೆ ಗೊತ್ತಿರುವ ಒಂದು ಅಡುಗೆಮನೆಯಿಂದ ಶುರು ಮಾಡುತ್ತೇನೆ.

2003ರ ನವೆಂಬರಿನಲ್ಲಿ ಘಟ್ಟದ ಕೆಳಗೆ ಕಾರ್ಕಳ ತಾಲ್ಲೂಕಿನ ಈದುವಿನಲ್ಲಿ ಪಾರ್ವತಿ, ಹಾಜಿಮಾ ಎಂಬ ಇಬ್ಬರು ನಕ್ಸಲ್ ಯುವತಿಯರು ಪೊಲೀಸರ ಗುಂಡಿಗೆ ಸತ್ತರು. 2005ರ ಫೆಬ್ರವರಿಯಲ್ಲಿ ನಮ್ಮದೇ ಜಿಲ್ಲೆಯ ಮೆಣಸಿನಹಾಡ್ಯದಲ್ಲಿ ನಕ್ಸಲ್ ನಾಯಕ ಸಾಕೇತ್ ರಾಜನ್ ಸತ್ತರು. ನಿಮ್ಮಲ್ಲಿ ಬಹಳ ಮಂದಿ ಆಗ ಹುಟ್ಟಿರಲಿಲ್ಲ. ಆ ವರ್ಷಗಳಲ್ಲಿ ಶೃಂಗೇರಿ, ಕೊಪ್ಪದ ಕಾಡಂಚಿನ ಮನೆಗಳಿಗೆ ರಾತ್ರಿ ಬಂದೂಕು ಹಿಡಿದವರು ಬರುತ್ತಿದ್ದರು, ಬೆಳಗ್ಗೆ ಬೇರೆ ಬಂದೂಕಿನವರು ಬರುತ್ತಿದ್ದರು, ಮಧ್ಯಾಹ್ನ ನಾವು ಪೆನ್ನು ಹಿಡಿದು ಹೋಗುತ್ತಿದ್ದೆವು. ಒಂದು ದಿನ ನಾಲ್ವರು ವರದಿಗಾರರು ಸೇರಿ ಜೀಪು ಬಾಡಿಗೆಗೆ ಹಿಡಿದು ಒಂದು ಊರಿಗೆ ಹೋದೆವು. ಊರು ಎಂದರೆ ಐದು ಮನೆ, ಒಂದು ಹಳ್ಳ.

ಮಲೆನಾಡಿನ ಮನೆಯ ಲೆಕ್ಕ ನಿಮಗೆ ಗೊತ್ತು. ಹೊರಗಿನವರು ಜಗಲಿಯವರೆಗೆ. ಮೂವರು ಗಂಡಸು ವರದಿಗಾರರು ಜಗಲಿಯಲ್ಲಿ ಕುಳಿತರು. ಮನೆಯ ಯಜಮಾನ ಎದುರಿಗೆ ಕುಕ್ಕರಗಾಲಿನಲ್ಲಿ ಕುಳಿತ. ‘ನಮಗೇನೂ ಗೊತ್ತಿಲ್ಲ ಸ್ವಾಮಿ’ ಎಂಬ ಒಂದೇ ಮಾತನ್ನು ಮುಕ್ಕಾಲು ಗಂಟೆ ಬೇರೆ ಬೇರೆ ರಾಗದಲ್ಲಿ ಹೇಳಿದ. ನನಗೆ ಬಚ್ಚಲಿಗೆ ಹೋಗಬೇಕಿತ್ತು. ಬೆಳಗ್ಗೆ ಆರಕ್ಕೆ ಹೊರಟವಳು, ದಾರಿಯಲ್ಲಿ ಎಲ್ಲೂ ಅನುಕೂಲವಿರಲಿಲ್ಲ. ಹಿತ್ತಿಲಿಗೆ ದಾರಿ ತೋರಿಸಿದ ಮನೆಯಾಕೆ, ಬರುವಾಗ ಕೈಗೆ ನೀರು ಹಾಕಿ, ‘ಬಾ ತಂಗಿ, ಒಲೆ ಹತ್ತಿರ ಕೂತುಕೋ, ಚಳಿಯಿದೆ’ ಎಂದಳು. ಒಲೆಯ ಮೇಲೆ ಒಂದು ದೊಡ್ಡ ಅಲ್ಯೂಮಿನಿಯಂ ಪಾತ್ರೆ. ಅದರ ಒಂದು ಕಿವಿ ಮುರಿದಿತ್ತು. ಅಲ್ಲಿಗೆ ಬೇಲಿಯ ತಂತಿ ಸುತ್ತಿ ಹಿಡಿ ಮಾಡಿದ್ದಳು.

ನಾನು ಏನೂ ಕೇಳಲಿಲ್ಲ. ಅವಳೇ ಹೇಳಿದಳು. ರಾತ್ರಿ ಬಂದವರು ಅನ್ನ ಕೇಳಿದರಂತೆ, ಮಾಡಿ ಹಾಕಿದಳಂತೆ. ‘ಹಸಿದು ಬಂದವರಿಗೆ ಇಲ್ಲ ಎನ್ನುವುದು ಹೇಗೆ? ಕೈಯಲ್ಲಿ ಬಂದೂಕಿದ್ದರೆ ಇನ್ನೂ ಹೇಗೆ?’ ಎರಡು ದಿನ ಬಿಟ್ಟು ವಿಚಾರಣೆಗೆ ಬಂದವರು ನೇರ ಅಡುಗೆಮನೆಗೆ ನುಗ್ಗಿ ಆ ಪಾತ್ರೆಯನ್ನು ಎತ್ತಿ ತೋರಿಸಿ, ‘ಮೂರು ಜನರ ಮನೆಗೆ ಇಷ್ಟು ದೊಡ್ಡ ಪಾತ್ರೆ ಯಾಕೆ?’ ಎಂದು ಕೇಳಿದರಂತೆ. ಅಂದಿನಿಂದ ಅವಳು ಆ ಪಾತ್ರೆಯಲ್ಲಿ ಅನ್ನ ಮಾಡುವುದನ್ನು ಬಿಟ್ಟು, ಬರಿಯ ನೀರು ಕಾಯಿಸುತ್ತಿದ್ದಳು.

ಈಗಲೂ ನಾನು ಕೇಳಿದ ಅತ್ಯುತ್ತಮ ವರದಿ ಅದು. ಎರಡು ಬಂದೂಕುಗಳ ನಡುವೆ ಸಿಕ್ಕಿದ ಊರು ಎಂದರೆ ಏನು ಎಂಬುದು ಒಂದು ಪಾತ್ರೆಯ ಅಳತೆಯಲ್ಲಿತ್ತು. ಜಗಲಿಯಲ್ಲಿ ಕುಳಿತಿದ್ದ ನನ್ನ ಗೆಳೆಯರು ನನಗಿಂತ ಅನುಭವಿಗಳು, ಬುದ್ಧಿವಂತರು. ಅವರಿಗೆ ಅದು ಸಿಗುವಂತಿರಲಿಲ್ಲ. ಬರೆದು ಕಳುಹಿಸಿದೆ. ಸುದ್ದಿ ಮೇಜಿನ ಹಿರಿಯರು, ‘ಇದು ಸುದ್ದಿಯಲ್ಲ ಕಣಮ್ಮ, ಹೆಂಗಸರ ಪುರವಣಿಗೆ ಕಳುಹಿಸು’ ಎಂದರು. ಮೂರು ವಾರದ ನಂತರ ಪುರವಣಿಯಲ್ಲಿ ಬಂತು, ಒಲೆಯ ಚಿತ್ರದ ಸಮೇತ. ಪಕ್ಕದ ಅಂಕಣದಲ್ಲಿ ಪತ್ರೊಡೆ ಮಾಡುವ ವಿಧಾನ. ಆ ಪತ್ರೊಡೆಯ ಸಿಟ್ಟು ನನಗೆ ಬಹಳ ವರ್ಷ ಇತ್ತು.

ಇನ್ನು ಹೊರಗಿನ ಲೋಕಕ್ಕೆ ಹೋಗೋಣ. ಇಥಿಯೋಪಿಯಾದ ಟಿಗ್ರೇ ಪ್ರಾಂತ್ಯದಲ್ಲಿ 2020ರ ನವೆಂಬರಿನಲ್ಲಿ ಯುದ್ಧ ಶುರುವಾಯಿತು. ಫೋನು, ಇಂಟರ್ನೆಟ್ ಕಡಿದುಹಾಕಿದರು. ಸೈನಿಕರು ಹೆಂಗಸರ ಮೇಲೆ ನಡೆಸಿದ ಅತ್ಯಾಚಾರಗಳ ಬಗ್ಗೆ ಬರೆಯುತ್ತಿದ್ದವರಲ್ಲಿ ಲೂಸಿ ಕಾಸಾ ಎಂಬ ಪತ್ರಕರ್ತೆಯೂ ಒಬ್ಬರು. 2021ರ ಫೆಬ್ರವರಿಯಲ್ಲಿ ರಾಜಧಾನಿ ಆಡಿಸ್ ಅಬಾಬಾದ ಅವರ ಮನೆಗೆ ಆಯುಧ ಹಿಡಿದವರು ನುಗ್ಗಿ, ಅವರನ್ನು ನೆಲಕ್ಕೆ ಕೆಡವಿ, ಲ್ಯಾಪ್‌ಟಾಪನ್ನೂ ಛಾಯಾಚಿತ್ರಗಳನ್ನೂ ಹೊತ್ತೊಯ್ದರು. ಆಕೆ ದೇಶ ಬಿಡಬೇಕಾಯಿತು. ಅಂಥ ವರದಿ ಜಗಲಿಯಲ್ಲಿ ಕುಳಿತವರಿಗೆ ಸಿಗುವುದು ಕಷ್ಟ. ಅತ್ಯಾಚಾರಕ್ಕೊಳಗಾದ ಹೆಂಗಸು ಮೊದಲು ಬಾಯಿ ಬಿಡುವುದು ಇನ್ನೊಬ್ಬ ಹೆಂಗಸಿನ ಎದುರು, ಅದೂ ಬಾಗಿಲು ಮುಚ್ಚಿದ ಮೇಲೆ. ಆ ಇನ್ನೊಬ್ಬಳನ್ನು ಓಡಿಸಿದರೆ ಆ ಅಪರಾಧ ನಡೆದೇ ಇಲ್ಲ ಎನ್ನುವುದು ಸುಲಭ. ಪತ್ರಕರ್ತೆಯರ ಮೇಲೆ ಕೈ ಮಾಡುವವರಿಗೆ ಈ ಲೆಕ್ಕ ಚೆನ್ನಾಗಿ ಗೊತ್ತಿದೆ. ನಮ್ಮ ಸುದ್ದಿ ಮೇಜುಗಳಿಗೇ ಅದು ತಡವಾಗಿ ಗೊತ್ತಾಗುವುದು.

ಅಫ್ಘಾನಿಸ್ತಾನದಲ್ಲಿ ಈ ಲೆಕ್ಕವನ್ನು ಪೂರ್ತಿ ಮಾಡಿ ಮುಗಿಸಿದ್ದಾರೆ. ಪರ್ವಾನ್ ಪ್ರಾಂತ್ಯದಲ್ಲಿ ಜಾಕಿಯಾ ಜಾಕಿ ಎಂಬವರು ಒಂದು ಪುಟ್ಟ ರೇಡಿಯೊ ಕೇಂದ್ರ ನಡೆಸುತ್ತಿದ್ದರು, ಶಾಲೆಯಲ್ಲಿ ಪಾಠವನ್ನೂ ಹೇಳುತ್ತಿದ್ದರು. 2007ರ ಜೂನ್‌ನಲ್ಲಿ ರಾತ್ರಿ ಮನೆಗೇ ನುಗ್ಗಿ, ಮಕ್ಕಳಿದ್ದ ಕಡೆಯೇ ಕೊಂದರು. ಜಲಾಲಾಬಾದಿನ ಎನಿಕಾಸ್ ಎಂಬ ದೂರದರ್ಶನ ವಾಹಿನಿಯ ಮಲಾಲಾ ಮೈವಂದ್ 2020ರ ಡಿಸೆಂಬರ್ 10ರಂದು ಕೆಲಸಕ್ಕೆ ಹೊರಟಾಗ ಚಾಲಕನ ಸಮೇತ ಗುಂಡಿಗೆ ಬಲಿಯಾದರು. ಅವರ ತಾಯಿ ಸಾಮಾಜಿಕ ಕಾರ್ಯಕರ್ತೆ. ಅವರೂ ಕೆಲವು ವರ್ಷಗಳ ಹಿಂದೆ ಹೀಗೆಯೇ ಗುಂಡಿಗೆ ಸತ್ತಿದ್ದರು. ಮೂರು ತಿಂಗಳೂ ಕಳೆದಿರಲಿಲ್ಲ, 2021ರ ಮಾರ್ಚ್ 2ರಂದು ಅದೇ ವಾಹಿನಿಯ ಇನ್ನೂ ಮೂವರು ಹುಡುಗಿಯರನ್ನು ಕೆಲಸ ಮುಗಿಸಿ ಮನೆಗೆ ನಡೆದುಹೋಗುವಾಗ ಕೊಂದರು. ಅವರ ವಯಸ್ಸು ಹದಿನೆಂಟರಿಂದ ಇಪ್ಪತ್ತರ ಒಳಗೆ, ಅಂದರೆ ಇಲ್ಲಿ ಮುಂದಿನ ಸಾಲಿನಲ್ಲಿ ಕುಳಿತಿರುವವರ ವಯಸ್ಸು.

ಆ ಮೂವರೂ ವರದಿಗಾರ್ತಿಯರಲ್ಲ, ಇದನ್ನು ಗಮನಿಸಿ. ಡಬ್ಬಿಂಗ್ ವಿಭಾಗದವರು. ಟರ್ಕಿಯ ಧಾರಾವಾಹಿಗಳಿಗೆ, ನಮ್ಮ ಭಾರತದ ಧಾರಾವಾಹಿಗಳಿಗೆ ತಮ್ಮ ಭಾಷೆಯಲ್ಲಿ ದನಿ ಕೊಡುತ್ತಿದ್ದರು. ಕನ್ನಡಕ್ಕೆ ಡಬ್ಬಿಂಗ್ ಬೇಕೋ ಬೇಡವೋ ಎಂದು ನಾವು ದಶಕಗಟ್ಟಲೆ ಜಗಳವಾಡಿದ್ದೇವೆ. ಅದರಲ್ಲಿ ನಾನೂ ಎರಡು ಲೇಖನ ಬರೆದು ಬೈಸಿಕೊಂಡಿದ್ದೇನೆ. ಅಲ್ಲಿ ಹಿಂದಿ ಧಾರಾವಾಹಿಯ ಸೊಸೆಗೋ ನಾದಿನಿಗೋ ದನಿ ಕೊಟ್ಟದ್ದಕ್ಕೆ ಹುಡುಗಿಯರು ಸತ್ತರು. ಕೊಂದದ್ದು ತಾವೇ ಎಂದು ಇಸ್ಲಾಮಿಕ್ ಸ್ಟೇಟ್ ಹೇಳಿಕೊಂಡಿತು. ಅಲ್ಲಿಂದ ಐದೂವರೆ ತಿಂಗಳಿಗೆ ಕಾಬೂಲ್ ತಾಲಿಬಾನ್ ಕೈಗೆ ಬಿತ್ತು. ಅದಕ್ಕೂ ಮೊದಲು ಕಾಬೂಲಿನಲ್ಲಿ 700 ಪತ್ರಕರ್ತೆಯರಿದ್ದರು. ಆಗಸ್ಟ್ ಕೊನೆಯ ಹೊತ್ತಿಗೆ ಕೆಲಸದಲ್ಲಿ ಉಳಿದವರು 100ಕ್ಕೂ ಕಡಿಮೆ ಎಂದು ರಿಪೋರ್ಟರ್ಸ್ ವಿದೌಟ್ ಬಾರ್ಡರ್ಸ್ ಸಂಸ್ಥೆ ಲೆಕ್ಕ ಕೊಟ್ಟಿತು. 2022ರ ಮೇ ತಿಂಗಳಲ್ಲಿ ವಾರ್ತೆ ಓದುವ ಹೆಣ್ಣುಮಕ್ಕಳು ಮುಖ ಮುಚ್ಚಬೇಕೆಂದು ಆಜ್ಞೆಯಾಯಿತು. ಆಗ ಟೋಲೊ ವಾಹಿನಿಯ ಗಂಡಸರೂ ಮಾಸ್ಕ್ ಹಾಕಿಕೊಂಡು ವಾರ್ತೆ ಓದಿದರು. ಇಲ್ಲಿರುವ ಹುಡುಗರು ಈ ಒಂದು ವಿಷಯವನ್ನಾದರೂ ನೆನಪಿಟ್ಟುಕೊಳ್ಳಲಿ. 2024ರ ಆಗಸ್ಟಿನಲ್ಲಿ ಬಂದ ಕಾನೂನು ಮುಖದಿಂದಲೂ ಮುಂದೆ ಹೋಗಿ, ಹೆಣ್ಣಿನ ದನಿಯೇ ಹೊರಗೆ ಕೇಳಬಾರದು ಎಂದಿತು.

ಜಹ್ರಾ ಜೋಯಾ ಎಂಬ ಪತ್ರಕರ್ತೆ ಅದೇ ದೇಶದವರು. ಹಿಂದಿನ ಸಲ ತಾಲಿಬಾನ್ ಆಳುತ್ತಿದ್ದಾಗ ಗಂಡು ಹುಡುಗನ ಬಟ್ಟೆ ತೊಟ್ಟು, ಮೊಹಮ್ಮದ್ ಎಂದು ಹೆಸರಿಟ್ಟುಕೊಂಡು ಶಾಲೆಗೆ ಹೋಗಿ ಓದಿದವರು. 2020ರಲ್ಲಿ ಹೆಂಗಸರೇ ಬರೆಯುವ ಸುದ್ದಿ ಸಂಸ್ಥೆಯೊಂದನ್ನು ಕಟ್ಟಿದರು. ಘೋರ್ ಪ್ರಾಂತ್ಯದಲ್ಲಿ 2015ರಲ್ಲಿ ಕಲ್ಲು ಹೊಡೆದು ಕೊಲ್ಲಲ್ಪಟ್ಟ ರುಖ್ಶಾನಾ ಎಂಬ ಹುಡುಗಿಯ ಹೆಸರನ್ನೇ ಅದಕ್ಕಿಟ್ಟರು. ಈಗ ಲಂಡನ್ನಿನಿಂದ ನಡೆಸುತ್ತಾರೆ; ಒಳಗಿರುವ ವರದಿಗಾರ್ತಿಯರು ಹೆಸರು ಮುಚ್ಚಿಟ್ಟು ಬರೆಯುತ್ತಾರೆ. ಬೈಲೈನಿಗಾಗಿ, ಅಂದರೆ ಸುದ್ದಿಯ ಜೊತೆ ನಮ್ಮ ಹೆಸರು ಬರಲೆಂದು, ನಾವು ಕಚೇರಿಗಳಲ್ಲಿ ಮಾಡಿದ ರಂಪ ನೆನಪಾಗಿ ನನಗೆ ನಾಚಿಕೆಯಾಗುತ್ತದೆ.

ಹೆಂಗಸರಿಗೆ ಯುದ್ಧದ ವರದಿ ಆಗುವುದಿಲ್ಲ ಎಂಬ ಮಾತಿಗೆ ನಾನು ಹೆಚ್ಚು ಹೊತ್ತು ಕೊಡುವುದಿಲ್ಲ. ಎರಡನೇ ಮಹಾಯುದ್ಧ ಬರುತ್ತಿದೆ ಎಂಬ ಸುದ್ದಿ ಕೊಟ್ಟವರು ಕ್ಲೇರ್ ಹಾಲಿಂಗ್‌ವರ್ತ್, ಕೆಲಸಕ್ಕೆ ಸೇರಿ ಒಂದು ವಾರವೂ ಆಗಿರಲಿಲ್ಲ. 1939ರ ಆಗಸ್ಟಿನಲ್ಲಿ ಗಡಿ ದಾಟಿ ಜರ್ಮನಿಯೊಳಗೆ ಕಾರಿನಲ್ಲಿ ಹೋಗುವಾಗ ರಸ್ತೆಯ ಬದಿಗೆ ಗೋಣಿತಟ್ಟಿನ ಪರದೆ ಕಟ್ಟಿದ್ದರಂತೆ. ಗಾಳಿಗೆ ಪರದೆ ಹಾರಿತು, ಕೆಳಗಿನ ಕಣಿವೆಯ ತುಂಬ ಟ್ಯಾಂಕುಗಳು. ನಮ್ಮಲ್ಲಿ 1965ರ ಯುದ್ಧಕ್ಕೆ ಹೋಗುತ್ತೇನೆ ಎಂದ ಪ್ರಭಾ ದತ್ ಅವರಿಗೆ ಪತ್ರಿಕೆ ಅನುಮತಿ ಕೊಡಲಿಲ್ಲ. ಅವರು ರಜೆ ಹಾಕಿ ಪಂಜಾಬಿಗೆ ಹೋದರು, ಅಲ್ಲಿಂದ ವರದಿ ಕಳುಹಿಸಿದರು, ಪತ್ರಿಕೆ ಸುಮ್ಮನೆ ಅಚ್ಚು ಹಾಕಿತು. ಇಷ್ಟು ಸಾಕು.

ಮೈಮೇಲೆ ಹಾಕಿಕೊಳ್ಳುವ ಸಾಮಾನಿನ ವಿಷಯಕ್ಕೆ ಬರುತ್ತೇನೆ, ಇದನ್ನು ಯಾರೂ ಭಾಷಣದಲ್ಲಿ ಹೇಳುವುದಿಲ್ಲ. ಗುಂಡು ತಡೆಯುವ ಜಾಕೆಟ್ಟುಗಳನ್ನು ಬಹುಕಾಲ ಗಂಡಸಿನ ಎದೆಯ ಅಳತೆಗೇ ಮಾಡುತ್ತಿದ್ದರು. ಹೆಂಗಸು ತೊಟ್ಟರೆ ಜಾಕೆಟ್ಟಿನೊಳಗಿನ ಗಟ್ಟಿ ತಟ್ಟೆಯು ಎದೆಗೆ ಸರಿಯಾಗಿ ಕೂರುವುದಿಲ್ಲ, ಪಕ್ಕೆಯಲ್ಲಿ ಸಂದು ಉಳಿಯುತ್ತದೆ, ಕುಳಿತರೆ ಕತ್ತಿಗೆ ಒತ್ತುತ್ತದೆ. ಗುಂಡಿಗೆ ಆ ಸಂದು ಸಾಕು. 2019ರ ಆಗಸ್ಟಿನಲ್ಲಿ ಚಾರ್ಮಾಡಿ ಘಾಟಿ ಕುಸಿದಾಗ ನಮ್ಮ ಕಚೇರಿಯ ಹೊಸ ಹುಡುಗಿಗೆ ಕಚೇರಿಯದೇ ಒಂದು ರೇನ್‌ಕೋಟ್ ಕೊಟ್ಟರು. ತೋಳು ಬೆರಳನ್ನೂ ದಾಟಿ ಒಂದು ಗೇಣು ಉದ್ದ. ಅವಳು ಪೆನ್ನು ಹಿಡಿಯಬೇಕಾದಾಗಲೆಲ್ಲ ತೋಳು ಮಡಚಬೇಕು, ಮಡಚಿದರೆ ನೀರು ಒಳಗೆ. ಕೊನೆಗೆ ಬಿಚ್ಚಿ ಎಸೆದು ನೆನೆದುಕೊಂಡೇ ಬರೆದಳು. ಮಳೆಯಾದ್ದರಿಂದ ನೆಗಡಿಯಲ್ಲಿ ಮುಗಿಯಿತು. ನಮ್ಮ ಹಳಬರನ್ನು ನೋಡಿ: ಮಳೆಗೆ ಕಂಬಳಿ ಕೊಪ್ಪೆ ನಿಂತು ನಡೆಯುವವನಿಗೆ, ಬೆನ್ನಿಗೆ ಹೊದೆಯುವ ಗೊರಬು ಬಗ್ಗಿ ನಾಟಿ ಮಾಡುವವಳಿಗೆ. ಬಾಗಿದ ಬೆನ್ನಿನ ಅಳತೆ ತಿಳಿದು ಅದನ್ನು ಹೆಣೆಯುತ್ತಿದ್ದರು. ಗದ್ದೆಯ ಕೆಸರಿನಲ್ಲಿ ನಿಂತವರಿಗೆ ತಿಳಿದದ್ದು ಜಾಕೆಟ್ ಕಂಪನಿಗಳಿಗೆ ತಿಳಿಯಲು ಕಾಲ ಹಿಡಿಯಿತು.

ಜಾಕೆಟ್ ಸರಿಯಾಗಿ ಕೂತರೂ ಎಲ್ಲ ಮುಗಿಯುವುದಿಲ್ಲ ಎನ್ನುವುದು ಬೇರೆ ಮಾತು. 2022ರ ಮೇ 11ರಂದು ಪ್ಯಾಲೆಸ್ಟೀನಿನ ಜೆನಿನ್‌ನಲ್ಲಿ ಪತ್ರಕರ್ತೆ ಶಿರೀನ್ ಅಬು ಅಕ್ಲೆ ‘ಪ್ರೆಸ್’ ಎಂದು ಬರೆದ ನೀಲಿ ಜಾಕೆಟ್ ತೊಟ್ಟಿದ್ದರು, ಹೆಲ್ಮೆಟ್ ಇತ್ತು. ಗುಂಡು ತಲೆಗೆ ಬಿತ್ತು. ಅವರು ಅಲ್ ಜಜೀರಾದಲ್ಲಿ 1997ರಿಂದ ಕೆಲಸ ಮಾಡಿದ್ದವರು. ತನ್ನ ಸೈನಿಕರ ಗುಂಡು ಅಕಸ್ಮಾತ್ತಾಗಿ ತಗುಲಿರುವ ಸಾಧ್ಯತೆಯೇ ಹೆಚ್ಚು ಎಂದು ಇಸ್ರೇಲ್ ಸೇನೆ ಕೆಲವು ತಿಂಗಳ ನಂತರ ಹೇಳಿತು. ಯಾರ ಮೇಲೂ ಮೊಕದ್ದಮೆ ನಡೆಯಲಿಲ್ಲ.

ಯುದ್ಧ ವರದಿಗಾರ್ತಿ ಎಂದರೆ ನಮ್ಮ ಕಣ್ಣಿಗೆ ಬರುವುದು ಮೇರಿ ಕಾಲ್ವಿನ್ ಅವರ ಚಿತ್ರ. 2001ರಲ್ಲಿ ಶ್ರೀಲಂಕಾದಲ್ಲಿ ಒಂದು ಕಣ್ಣು ಕಳೆದುಕೊಂಡು, ಕಪ್ಪು ಪಟ್ಟಿ ಕಟ್ಟಿಕೊಂಡೇ ಮತ್ತೆ ಯುದ್ಧಗಳಿಗೆ ಹೋಗಿ, 2012ರ ಫೆಬ್ರವರಿ 22ರಂದು ಸಿರಿಯಾದ ಹೋಮ್ಸ್‌ನಲ್ಲಿ ಸತ್ತವರು. ಅವರ ಧೈರ್ಯದ ಬಗ್ಗೆ ಎರಡು ಮಾತಿಲ್ಲ. ಆದರೆ ನನ್ನ ಮನಸ್ಸು ಹೋಗುವುದು ಅಲ್ಲೇ ಹುಟ್ಟಿ ಅಲ್ಲೇ ವರದಿ ಮಾಡುವವರ ಕಡೆಗೆ. ಹೊರಗಿನಿಂದ ಬಂದವರಿಗೆ ಮರಳಿ ಹೋಗಲು ಒಂದು ಊರಿರುತ್ತದೆ. ಅಲ್ಲಿಯವಳಿಗೆ ಅದೇ ಊರು. ಅವಳ ಮಕ್ಕಳ ಶಾಲೆ ಎಲ್ಲಿದೆ, ಅಪ್ಪ ಯಾವ ಮಸೀದಿಗೆ ಹೋಗುತ್ತಾನೆ ಎಂಬುದು ಬಂದೂಕಿನವನಿಗೆ ಗೊತ್ತು.

ಇರಾಕಿನ ಅತ್ವಾರ್ ಬಹ್ಜತ್ ಹುಟ್ಟಿದ್ದು ಸಮರ್ರಾದಲ್ಲಿ. ತಂದೆ ಸುನ್ನಿ, ತಾಯಿ ಶಿಯಾ. ಇರಾಕ್ ನಕ್ಷೆಯ ಆಕಾರದ ಚಿನ್ನದ ಪದಕ ಅವರ ಕೊರಳಲ್ಲಿರುತ್ತಿತ್ತು. 2006ರ ಫೆಬ್ರವರಿ 22ರಂದು ಸಮರ್ರಾದ ಚಿನ್ನದ ಗುಮ್ಮಟದ ಪವಿತ್ರ ಸ್ಥಳವನ್ನು ಸ್ಫೋಟಿಸಿದರು. ತನ್ನದೇ ಊರಿನ ಸುದ್ದಿ ಎಂದು ಅತ್ವಾರ್ ಹೊರಟರು. ಊರೊಳಗೆ ಬಿಡಲಿಲ್ಲ, ಹೊರವಲಯದಲ್ಲೇ ನಿಂತು ನೇರ ಪ್ರಸಾರ ಮಾಡಿದರು. ಅದಾದ ಮೇಲೆ ಅವರನ್ನೂ ಇಬ್ಬರು ಸಹೋದ್ಯೋಗಿಗಳನ್ನೂ ಎಳೆದೊಯ್ದು ಕೊಂದರು. ಗಾಜಾದ ಮರಿಯಂ ಡಗ್ಗಾ ನಾಸರ್ ಆಸ್ಪತ್ರೆಯಲ್ಲಿ ಹಸಿವಿನಿಂದ ಒಣಗಿದ ಮಕ್ಕಳ ಚಿತ್ರ ತೆಗೆಯುತ್ತಿದ್ದವರು. ತನ್ನ ಮಗನನ್ನು ಮೊದಲೇ ಹೊರದೇಶಕ್ಕೆ ಕಳುಹಿಸಿ ತಾವು ಉಳಿದಿದ್ದರು. 2025ರ ಆಗಸ್ಟ್ 25ರಂದು ಅದೇ ಆಸ್ಪತ್ರೆಯ ಮೇಲೆ ನಡೆದ ದಾಳಿಯಲ್ಲಿ ಸತ್ತ ಐವರು ಪತ್ರಕರ್ತರಲ್ಲಿ ಅವರೂ ಒಬ್ಬರು. ವಯಸ್ಸು 33. ಉಕ್ರೇನಿನ ವಿಕ್ಟೋರಿಯಾ ರೋಶ್ಚಿನಾ ರಷ್ಯಾ ಹಿಡಿದಿಟ್ಟಿದ್ದ ಪ್ರದೇಶಕ್ಕೆ ಹೋಗಿ, ಅಲ್ಲಿ ಗುಟ್ಟಾಗಿ ಕೂಡಿಹಾಕಿದ್ದ ಜನರ ಬಗ್ಗೆ ಬರೆಯಲು ಹೊರಟವರು. 2023ರ ಆಗಸ್ಟಿನಲ್ಲಿ ತಾವೇ ಕಾಣೆಯಾದರು. ಸೆರೆಯಲ್ಲೇ ಸತ್ತರು. 2025ರ ಫೆಬ್ರವರಿಯಲ್ಲಿ ಹಿಂತಿರುಗಿಸಿದ ಶವಗಳಲ್ಲಿ ಅವರದಕ್ಕೆ ‘ಗುರುತು ಸಿಗದ ಗಂಡಸು’ ಎಂದು ಚೀಟಿ ಅಂಟಿಸಿದ್ದರು.

ಮಾನದ ಪ್ರಶ್ನೆ ಇನ್ನೊಂದಿದೆ, ಗಂಡಸರಿಗೆ ಇಲ್ಲದ್ದು. ನಾವು ಆ ಜೀಪಿನಲ್ಲಿ ಹೋಗಿಬಂದ ಮರುದಿನ ಒಬ್ಬ ಹಿತೈಷಿ ನಮ್ಮ ಮನೆಗೆ ಫೋನು ಮಾಡಿ, ‘ನಿಮ್ಮ ಸೊಸೆಯನ್ನು ರಾತ್ರಿ ಒಂಬತ್ತಕ್ಕೆ ಯಾರದೋ ಜೀಪಿನಲ್ಲಿ ಕಂಡೆ’ ಎಂದರು. ನಮ್ಮ ಅತ್ತೆ, ‘ಆ ಜೀಪಿನ ಬಾಡಿಗೆಗೆ ದುಡ್ಡು ಕೊಟ್ಟವಳು ನಾನೇ’ ಎಂದು ಫೋನು ಇಟ್ಟರು. ಎಲ್ಲರಿಗೂ ಅಂಥ ಅತ್ತೆ ಸಿಗುವುದಿಲ್ಲ. ಈಗ ಫೋನು ಮಾಡುವ ಕಷ್ಟವೂ ಇಲ್ಲ, ಒಂದು ತಿದ್ದಿದ ಚಿತ್ರ ವಾಟ್ಸ್ಆ್ಯಪ್‌ಗೆ ಬಿಟ್ಟರಾಯಿತು. ಯುನೆಸ್ಕೊ 2020ರಲ್ಲಿ ಕೇಳಿದ ಸುಮಾರು 700 ಪತ್ರಕರ್ತೆಯರಲ್ಲಿ 73 ಪ್ರತಿಶತ ಮಂದಿ ಅಂತರ್ಜಾಲದಲ್ಲಿ ದಾಳಿಗೊಳಗಾಗಿದ್ದೇವೆ ಎಂದರು. ಐವರಲ್ಲಿ ಒಬ್ಬರು ಆ ಬೈಗುಳದ ಬೆನ್ನಿಗೇ ಅಂತರ್ಜಾಲದ ಹೊರಗೂ ದಾಳಿಗೋ ನಿಂದನೆಗೋ ಒಳಗಾಗಿದ್ದರು.

ಕೊಲಂಬಿಯಾದ ಹಿನೆತ್ ಬೆದೋಯಾ ಅವರ ಕಥೆಯನ್ನು ಮಾತ್ರ ನಿಧಾನವಾಗಿ ಹೇಳಬೇಕು. 2000ದ ಮೇ 25, ಬೊಗೊಟಾದ ಲಾ ಮೊಡೆಲೊ ಜೈಲು. ಜೈಲಿನೊಳಗೆ ನಡೆಯುತ್ತಿದ್ದ ಶಸ್ತ್ರ ವ್ಯಾಪಾರದ ಬೆನ್ನು ಹತ್ತಿದ್ದ ಅವರಿಗೆ, ಅರೆಸೇನಾ ಗುಂಪಿನ ಒಬ್ಬ ನಾಯಕ ಸಂದರ್ಶನ ಕೊಡುತ್ತಾನೆ, ಬಾ ಎಂದು ಕರೆ ಬಂದಿತ್ತು. ಬಾಗಿಲಲ್ಲಿ ಕಾಯಲು ಹೇಳಿದರು. ಜೊತೆಗಿದ್ದವರು ಸ್ವಲ್ಪ ಆಚೆ ಹೋಗಿ ಬರುವಷ್ಟರಲ್ಲಿ ಆಕೆ ಅಲ್ಲಿರಲಿಲ್ಲ. ಹಾಡಹಗಲು, ಪೊಲೀಸರು ಕಾಯುವ ಜೈಲಿನ ಬಾಗಿಲು. ಗಂಟೆಗಟ್ಟಲೆ ಹಿಂಸಿಸಿ, ಅತ್ಯಾಚಾರ ಮಾಡಿ, ದೂರದ ರಸ್ತೆಯೊಂದರಲ್ಲಿ ಬಿಟ್ಟುಹೋದರು. ಆಕೆ ಮತ್ತೆ ಕೆಲಸಕ್ಕೆ ಬಂದರು. ನಡೆದದ್ದನ್ನು ಸಾರ್ವಜನಿಕವಾಗಿ ಹೇಳಲು ಒಂಬತ್ತು ವರ್ಷ ಬೇಕಾಯಿತು. ಇದಕ್ಕೆ ಸರ್ಕಾರವೇ ಹೊಣೆ ಎಂದು ಅಮೆರಿಕ ಖಂಡದ ಮಾನವ ಹಕ್ಕುಗಳ ನ್ಯಾಯಾಲಯ ತೀರ್ಪು ಕೊಟ್ಟದ್ದು 2021ರಲ್ಲಿ. ಇಪ್ಪತ್ತೊಂದು ವರ್ಷ. ಅಷ್ಟು ಕಾಲ ಅದೇ ವೃತ್ತಿಯಲ್ಲಿ, ಅದೇ ನಗರದಲ್ಲಿ, ಅದೇ ಜೈಲಿನ ಸುದ್ದಿಗಳು ಬರುವ ಮೇಜಿನ ಮುಂದೆ ಕುಳಿತಿದ್ದರಲ್ಲ, ನನಗೆ ತೀರ್ಪಿಗಿಂತ ಅದು ದೊಡ್ಡದು.

ಇವತ್ತಿನ ತಾರೀಖಿನ ಬಗ್ಗೆ ಒಂದು ಮಾತು. ಪತ್ರಕರ್ತರ ಮೇಲಿನ ಅಪರಾಧಗಳಿಗೆ ಶಿಕ್ಷೆಯಾಗದಿರುವುದರ ವಿರುದ್ಧ ವಿಶ್ವಸಂಸ್ಥೆ ಗೊತ್ತು ಮಾಡಿದ ದಿನ ಇದು. ನವೆಂಬರ್ 2 ಯಾಕೆಂದರೆ, 2013ರ ಈ ದಿನ ಮಾಲಿ ದೇಶದ ಕಿಡಾಲ್‌ನಲ್ಲಿ ಫ್ರೆಂಚ್ ರೇಡಿಯೊದ ಗಿಲೆನ್ ದ್ಯುಪೋಂ ಎಂಬ ಪತ್ರಕರ್ತೆಯನ್ನೂ ತಂತ್ರಜ್ಞ ಕ್ಲೋದ್ ವೆರ್ಲೋಂ ಅವರನ್ನೂ ಕೊಂದರು. ಬಂಡುಕೋರ ಸಂಘಟನೆಯೊಂದರ ಮುಖಂಡನನ್ನು ಮಾತನಾಡಿಸಿ, ಅವನ ಮನೆಯಿಂದ ಹೊರಗೆ ಕಾಲಿಟ್ಟಿದ್ದರು ಅಷ್ಟೆ. ಬಾಗಿಲಲ್ಲೇ ಎತ್ತಿಕೊಂಡು ಹೋದರು.

ಇಷ್ಟು ಹೇಳುವ ಹೊತ್ತಿಗೆ ಕಳಸದ ಕಡೆಯ ಬಸ್ಸು ಹಿಡಿಯಬೇಕಾದ ಇಬ್ಬರು ಹುಡುಗಿಯರು ಎದ್ದರು. ಮೇಷ್ಟರು ನನಗೆ ಕೈಸನ್ನೆ ಮಾಡಿದರು, ನಾನು ನಿಲ್ಲಿಸಿದೆ. ಪ್ರಶ್ನೆಗಳು ಬಂದವು. ಮನೆಯವರನ್ನು ಒಪ್ಪಿಸುವುದು ಹೇಗೆ ಎಂದು ಮೂವರು ಕೇಳಿದರು. ನನ್ನ ಅತ್ತೆಯ ವಿಳಾಸ ಕೇಳಿದವನೂ ಒಬ್ಬನಿದ್ದ. ಬಸ್ಸಿಗೆ ಓಡಿದ ಹುಡುಗಿಯರಲ್ಲಿ ಒಬ್ಬಳು ಹೋಗುವಾಗ ಮೇಜಿನ ಮೇಲೆ ಒಂದು ಚೀಟಿ ಇಟ್ಟುಹೋಗಿದ್ದಳು. ಅದನ್ನು ನಾನು ಬಿಡಿಸಿ ಓದಿದ್ದು ಸಭೆ ಮುಗಿದ ಮೇಲೆ. ‘ಮೇಡಂ, ಆ ಅಡುಗೆಮನೆಯ ಅಮ್ಮನ ಹೆಸರನ್ನು ನೀವು ಪೇಪರಿನಲ್ಲಿ ಹಾಕಿದ್ದಿರಾ?’

ಅವಳಿಗೆ ಉತ್ತರ ಇಲ್ಲಿ ಬರೆಯುತ್ತೇನೆ. ಹೆಸರು ಹಾಕಲಿಲ್ಲ, ಊರಿನ ಹೆಸರನ್ನೂ ಹಾಕಲಿಲ್ಲ. ಆದರೆ ಪುರವಣಿಯಲ್ಲಿ ಬಂದ ಒಲೆಯ ಚಿತ್ರ ನಾನೇ ತೆಗೆದದ್ದು. ಅದರಲ್ಲಿ ಆ ಪಾತ್ರೆ ಇತ್ತು, ಮುರಿದ ಕಿವಿಗೆ ಸುತ್ತಿದ ತಂತಿಯ ಸಮೇತ. ಪತ್ರೊಡೆಯ ಮೇಲೆ ಸಿಟ್ಟು ಮಾಡಿಕೊಂಡಿದ್ದ ನನಗೆ ಅದು ಕಣ್ಣಿಗೆ ಬೀಳಲಿಲ್ಲ. ಆರು ತಿಂಗಳ ಮೇಲೆ ಮತ್ತೆ ಆ ಊರಿಗೆ ಹೋದೆ, ಈ ಸಲ ಒಬ್ಬಳೇ. ಅವಳು ಹೊರಗೆ ಬಂದಳು, ನಕ್ಕಳು. ಜಗಲಿಯಲ್ಲಿ ಚಾಪೆ ಹಾಸಿ ನನ್ನನ್ನು ಕೂರಿಸಿದಳು. ಒಳಗೆ ಹೋಗಿ ನೀರು, ಬೆಲ್ಲ ತಂದುಕೊಟ್ಟಳು.